ಬದುವಿನ ತಂಗಡಿ ಏನು ಪಾಪ ಮಾಡಿದೆ?

ಮೊನ್ನೆ ಪಕ್ಕದ ಹೊಲದವರು ಬದು ಪೂರಾ ಕಳೆ ಔಷಧಿ ಹೊಡೆಸಿದ್ರು. ಹಳದಿ ಹೂ ತುಂಬಿದ್ದ ತಂಗಡಿ ಒಣಗಿ ನಿಂತಿದೆ. ಕೇಳಿದ್ರೆ "ಬದು ಬೋಳಾಗಿದ್ರೇನೇ ಚೆಂದ ಕಣಣ್ಣ" ಅಂದ್ರು. ಚೆಂದ ಕಟ್ಕೊಂಡು ಏನ್ ಮಾಡೋದು?

ತಂಗಡಿ ಉತ್ತ ಹೊಲದೊಳಗೆ ನುಗ್ಗೋ ಕಳೆ ಅಲ್ಲ. ಬದು, ರಸ್ತೆ ಅಂಚು, ಗೋಮಾಳ, ಗರಸು ನೆಲ ಇದರ ಜಾಗ. ನೀರು ಗೊಬ್ಬರ ಕೇಳಲ್ಲ, ದನ ಬಾಯಿ ಹಾಕಲ್ಲ, ಮಳೆ ಬಂದ್ರೆ ಬದುವಿನ ಮಣ್ಣು ಹಿಡಿದುಕೊಳ್ಳುತ್ತೆ. ನಮ್ಮಪ್ಪ ಇದರ ಸೊಪ್ಪನ್ನೇ ಗದ್ದೆಗೆ ಹಾಕಿ ತುಳೀತಿದ್ರು. ತೊಗಟೆ ಚರ್ಮ ಹದ ಮಾಡೋಕೆ ಹೋಗ್ತಿತ್ತು.

ಟೊಮೆಟೊ, ಬದನೆ ಹಾಕೋರು ಇದನ್ನ ಗಮನಿಸಿ. ತಂಗಡಿ ಹೂವಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಸಣ್ಣ ತೂತಿನಿಂದ ಉದುರಬೇಕು. ಕಪ್ಪು ದುಂಬಿ ಹೂವನ್ನ ತಬ್ಬಿ ಗುಂಯ್ ಅಂತ ಅದುರಿಸಿದಾಗ ಉದುರುತ್ತೆ. ಟೊಮೆಟೊ, ಬದನೆ ಹೂವೂ ಇದೇ ಥರ. ಜೇನುನೊಣಕ್ಕೆ ಹಾಗೆ ಅದುರಿಸೋಕೆ ಬರಲ್ಲ. ಗಾಳಿಗೂ ಕಾಯಿ ಕಚ್ಚುತ್ತೆ, ನಿಜ. ದುಂಬಿ ಬಂದ್ರೆ ಇನ್ನೂ ಚೆನ್ನಾಗಿ ಕಚ್ಚುತ್ತೆ. ನಮ್ಮ ಬೆಳೆ ಹೂ ಬಿಡೋದು ಕೆಲವು ವಾರ ಅಷ್ಟೆ. ಮಿಕ್ಕ ದಿನ ದುಂಬಿ ಎಲ್ಲಿಗೆ ಹೋಗಬೇಕು?

ದಾರಿಗೆ ಅಡ್ಡ ಬಂದ್ರೆ ಕುಡುಗೋಲಲ್ಲಿ ಸವರಿ, ಮತ್ತೆ ಚಿಗುರುತ್ತೆ. ಸವರಿದ ಸೊಪ್ಪು ತಿಪ್ಪೆಗೆ ಹಾಕಿ. ದುಡ್ಡು ಕೊಟ್ಟು ದುಂಬಿ ಓಡಿಸಿ, ಆಮೇಲೆ ಹೂ ಉದುರ್ತಿದೆ ಅಂತ ಇನ್ನೊಂದು ಬಾಟಲಿಗೆ ದುಡ್ಡು ಕೊಡೋದು ಯಾವೂರ ಬೇಸಾಯ ಹೇಳಿ?