ಕರಡಚ್ಚಿಗೆ ಹಾಕುವ ರುಜು

ಲಗ್ನಪತ್ರಿಕೆಯ ಕರಡಚ್ಚು ಮನೆಗೆ ಬಂದಾಗ ಗೃಹಸ್ಥನು ಸಾಮಾನ್ಯವಾಗಿ ಮಾಡುವುದೇನು? ಬಣ್ಣ ಒಪ್ಪುವಂತಿದೆಯೇ, ಗಣಪತಿಯ ಚಿತ್ರ ಮೇಲ್ಗಡೆ ಇದೆಯೇ ಎಂದು ನೋಡಿ, “ಸರಿ, ಅಚ್ಚಾಗಲಿ” ಎನ್ನುವನು. ಈಗ ಕರಡು ಹೆಚ್ಚಾಗಿ ಫೋನಿಗೇ ಬರುವುದರಿಂದ ಉತ್ತರವೂ ಹೆಬ್ಬೆರಳಿನ ಚಿತ್ರದಲ್ಲಿಯೇ ಮುಗಿಯುವುದು. ಹಿಂದೆ ಓದು ಬಾರದವರು ಒತ್ತುತ್ತಿದ್ದ ಹೆಬ್ಬೆಟ್ಟನ್ನು ಈಗ ಓದು ಬಲ್ಲವರು ಓದದೆಯೇ ಒತ್ತುತ್ತಿರುವರು. ಆದರೆ ಆ ಗುರುತು ಬಿದ್ದ ಕ್ಷಣದಿಂದ, ಪತ್ರಿಕೆಯಲ್ಲಿ ಉಳಿದ ದೋಷವು ಅಚ್ಚುಕೂಟದವರದಲ್ಲ, ಒಪ್ಪಿದವನದು.

ಇದನ್ನು ನಾವು ಕಲಿತದ್ದು ನಮ್ಮ ತಮ್ಮನ ಮಗಳ ವಿವಾಹದಲ್ಲಿ. ಸಂಸ್ಕೃತ ಬಲ್ಲವರೆಂದು ಕರಡನ್ನು ನಮ್ಮ ಕೈಗೆ ಕೊಟ್ಟಿದ್ದರು. ಮಂಗಳಶ್ಲೋಕದ ಒಂದು ಪಾದವೇ ಬಿಟ್ಟುಹೋಗಿತ್ತು. ‘ವಧು’ ಎಂಬುದರ ಕೊಂಬು ಬಿದ್ದು ‘ವಧ’ವಾಗಿತ್ತು. (ಹಾಗೆಯೇ ಹಂಚಿದ್ದರೆ ಬಂಧುಗಳಿಗಿಂತ ಮುಂಚೆ ಪೋಲೀಸರು ಬರುತ್ತಿದ್ದರು.) ಎರಡನ್ನೂ ಕೆಂಪು ಮಸಿಯಲ್ಲಿ ತಿದ್ದಿ, ಉಪಾಧ್ಯಾಯನ ಹಳೆಯ ಹೆಮ್ಮೆಯೊಡನೆ ಹಿಂದಕ್ಕೆ ಕಳುಹಿಸಿದೆವು. ಎರಡನೆಯ ಕರಡು ಬಂದಾಗ ಆ ಎರಡು ಸ್ಥಳಗಳನ್ನು ಮಾತ್ರ ನೋಡಿ ರುಜು ಹಾಕಿದೆವು. 600 ಪ್ರತಿಗಳು ಅಚ್ಚಾಗಿ ಬಂದವು.

ವರನ ತಂದೆಯ ತಂದೆ ಗತಿಸಿದವರು. ತಾಯಿಯ ತಂದೆ ಬದುಕಿದ್ದವರು. ಶ್ಲೋಕಕ್ಕೆ ಎಡೆಮಾಡಲು ಹೆಸರುಗಳ ಸಾಲನ್ನು ಸರಿಸುವಾಗ ‘ದಿ||’ ಎಂಬುದು ಒಬ್ಬರನ್ನು ಬಿಟ್ಟು ಮತ್ತೊಬ್ಬರ ಹೆಸರಿನ ಮುಂದೆ ಹೋಗಿ ಕುಳಿತಿತ್ತು. ಮೊದಲನೆಯ ಕರಡಿನಲ್ಲಿ ಅದು ಸರಿಯಾಗಿಯೇ ಇದ್ದಿತು! ಅಚ್ಚುಕೂಟದ ಯಜಮಾನರು ಏನನ್ನೂ ಹೇಳದೆ ನಮ್ಮ ರುಜುವನ್ನು ತೋರಿಸಿದರು. ಮರುಮುದ್ರಣದ ಹಣವನ್ನು ನಾವೇ ತೆತ್ತೆವು. ಆದರೆ ಅಷ್ಟರಲ್ಲಿ ಕೆಲವು ಪ್ರತಿಗಳು ಅಂಚೆಗೆ ಹೋಗಿದ್ದವು. ಆ ಹಿರಿಯರ ಮನೆಗೂ ಒಂದು ತಲಪಿತ್ತು. ನಾವೇ ಹೋಗಿ ಕೈಮುಗಿದು ನಿಂತೆವು. “ಹಾಗಾದರೆ ಮದುವೆಗೆ ನಾನು ಬರಬಹುದಷ್ಟೆ, ಮೇಷ್ಟರೇ?” ಎಂದು ಅವರು ನಕ್ಕರು. ಅವರ ಮಡದಿ ನಗಲಿಲ್ಲ.

ಪುಸ್ತಕಕ್ಕಾದರೆ ಕೊನೆಯಲ್ಲಿ ಒಂದು ಶುದ್ಧಿಪತ್ರವನ್ನು ಅಂಟಿಸಬಹುದು. ಲಗ್ನಪತ್ರಿಕೆಗೆ ಆ ಉಪಾಯವಿಲ್ಲ. ಪುಸ್ತಕಗಳಲ್ಲಿಯೂ ಕೆಲವು ತಪ್ಪುಗಳು ಶುದ್ಧಿಪತ್ರದ ಕೈಮೀರಿದವು. 1631ರಲ್ಲಿ ಲಂಡನ್ನಿನ ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಸ್ ಎಂಬವರು ಅಚ್ಚುಹಾಕಿದ ಬೈಬಲಿನಲ್ಲಿ, ವ್ಯಭಿಚಾರ ಕೂಡದೆಂಬ ಆಜ್ಞೆಯೊಳಗಿನ ನಿಷೇಧಪದವೊಂದೇ ಬಿದ್ದುಹೋಗಿ, ನಿಷೇಧವು ವಿಧಿಯಾಗಿಬಿಟ್ಟಿತು. ಅವರಿಗೆ 300 ಪೌಂಡು ದಂಡ ಬಿದ್ದಿತು.

ನಮ್ಮ ಲಿಪಿಯಲ್ಲಂತೂ ಒಂದು ದೀರ್ಘ ಸ್ಥಳ ತಪ್ಪಿದರೆ ಸಾಕು, ‘ಶ್ರದ್ಧಾ’ ಎಂಬ ಕನ್ಯೆಯ ಹೆಸರು ‘ಶ್ರಾದ್ಧ’ವಾಗುವುದು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಅಕ್ಷರವನ್ನು ಕಿತ್ತಿಡುವಾಗ ಪಕ್ಕದ್ದು ಸಡಿಲುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಅಕ್ಷರಶೈಲಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತುಗಳೂ ಅರ್ಕಾವತ್ತುಗಳೂ ದಿಕ್ಕುಗೆಡುವುವು. ಆದಕಾರಣ ತಿದ್ದಿ ಬಂದ ಕರಡನ್ನು ಹೊಸ ಕರಡೆಂದೇ ಭಾವಿಸಿ ಮೊದಲಿನಿಂದ ಕೊನೆಯವರೆಗೆ ಓದಬೇಕು. ಅದೂ ಫೋನಿನ ಗಾಜಿನ ಮೇಲಲ್ಲ, ಕಾಗದದ ಮೇಲೆ. ಒಬ್ಬರು ಕೈಬರಹದ ಮೂಲವನ್ನು ಗಟ್ಟಿಯಾಗಿ ಓದುತ್ತಿರಲು ಮತ್ತೊಬ್ಬರು ಕರಡಿನ ಮೇಲೆ ಬೆರಳಾಡಿಸುವುದು ಹಳೆಯ ಪದ್ಧತಿ. ಅದಕ್ಕಿಂತ ಉತ್ತಮವಾದುದನ್ನು ನಾವು ಕಾಣೆವು. ಆದರೆ ಧಕಾರವನ್ನು ದಕಾರವಾಗಿಯೇ ನುಡಿಯುವ ನಾಲಗೆಗಳು ಬಹಳವಾದುದರಿಂದ ಅಲ್ಲಿ ಕಿವಿಯನ್ನು ನಂಬಬಾರದು. ತಾರೀಖನ್ನೂ ವಾರವನ್ನೂ ಪಂಚಾಂಗದೊಡನೆ ಹೋಲಿಸಬೇಕು. ಫೋನಿನ ಸಂಖ್ಯೆಯನ್ನು ಕರಡಿನಿಂದಲೇ ಒತ್ತಿ, ಯಾರು ಮಾತಾಡುವರೆಂದು ಕೇಳಬೇಕು.

ಈಗ ನಮ್ಮಲ್ಲಿಗೆ ಬರುವ ಕರಡುಗಳನ್ನು ನಮ್ಮ ಮನೆಯವರೂ ಓದುವರು. ಅವರಿಗೆ ಸಂಸ್ಕೃತ ಬಾರದಾದುದರಿಂದ ಶ್ಲೋಕವನ್ನು ಬಿಟ್ಟು ನೇರವಾಗಿ ಹೆಸರು ದಿನಗಳಿಗೆ ಹೋಗುವರು. ಕಳೆದ ತಿಂಗಳು ನೆರೆಮನೆಯವರ ಗೃಹಪ್ರವೇಶದ ಕರಡಿನಲ್ಲಿ ಭಾನುವಾರವೆಂದು ಕೊಟ್ಟಿದ್ದ ತಾರೀಖು ಸೋಮವಾರಕ್ಕೆ ಬೀಳುವುದೆಂದು ತೋರಿಸಿಕೊಟ್ಟರು. ಅದೇ ಕರಡನ್ನು ನಾವು ಅರ್ಧ ಗಂಟೆ ಓದಿ, ಒಂದು ಅನುಸ್ವಾರವನ್ನು ತಿದ್ದಿ, ಒಪ್ಪಿಗೆಯಾಗಿದೆಯೆಂದು ಬರೆದಿಟ್ಟಿದ್ದೆವು.