ಹಿಂಗಾರಿ ಜೋಳವೂ ಗರಿ ಸುಡುವಿಕೆಯೂ

ಇಳಕಲ್ಲು, ಹುನಗುಂದ ಭಾಗದ ಎರೆ ಭೂಮಿಯಲ್ಲಿ ಹಿಂಗಾರಿ ಜೋಳವು ಬಹುಮಟ್ಟಿಗೆ ಬಿತ್ತನೆಗೆ ಮುಂಚೆ ನೆಲದಲ್ಲಿ ಇಂಗಿದ ನೀರಿನಿಂದಲೇ ಬೆಳೆಯತಕ್ಕದ್ದು. ತೆನೆ ಹಾಯುವ ಕಾಲಕ್ಕೆ ಆ ಹಸಿ ತೀರಿತೆಂದರೆ ಕೆಳಗಿನ ಗರಿಗಳು ಹಳದಿಯಾಗಿ, ತರುವಾಯ ಸುಟ್ಟಂತಾಗುತ್ತವೆ. ಕಾಳು ಜೊಳ್ಳಾಗುವುದಲ್ಲದೆ ದನಗಳ ಕಣಿಕೆಯೂ ಕೆಡುತ್ತದೆ. ಇದನ್ನು ರೋಗವೆಂದೆಣಿಸಿ ಅಂಗಡಿಯ ಟಾನಿಕ್ಕುಗಳನ್ನು ತಂದು ಸಿಂಪಡಿಸುವವರುಂಟು. ಸುಟ್ಟ ಗರಿ ಮತ್ತೆ ಹಸಿರಾಗಲಾರದು. ಆ ಹಣವು ಹೊಲದ ಒಡ್ಡಿಗೆ ಸಲ್ಲಬೇಕಾಗಿತ್ತು.

ಕಾರಣವನ್ನರಿತರೆ ಇದು ಸ್ಪಷ್ಟವಾಗುವುದು. ಬಾಯಾರಿದ ಪೈರು ನೀರನ್ನುಳಿಸಿಕೊಳ್ಳಲು ಗರಿಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ಇಂಗಾಲಾಮ್ಲ ವಾಯುವು ಒಳಗೆ ಸಾಲದಾಗುತ್ತದೆ; ಬಿಸಿಲಾದರೋ ನಿಲ್ಲುವುದಿಲ್ಲ. ಮುಂದಿನ ತೂಬು ಮುಚ್ಚಿದ್ದರೂ ಕಾಲುವೆಗೆ ನೀರು ಬರುತ್ತಲೇ ಇದ್ದರೆ ದಂಡೆ ಒಡೆಯುವಂತೆ, ಗರಿಯ ಹಸಿರು ಹೀರಿದ ಶಕ್ತಿಯು ಕೆಲಸವಿಲ್ಲದೆ ಅಲ್ಲಿರುವ ಆಮ್ಲಜನಕಕ್ಕೆ ತಗಲಿ ಅದನ್ನು ಉಗ್ರರೂಪಕ್ಕೆ ತಿರುಗಿಸುತ್ತದೆ. ಈ ಉಗ್ರ ಆಮ್ಲಜನಕವು ಜೀವಕೋಶಗಳ ಪೊರೆಯನ್ನೂ ಹಸಿರನ್ನೂ ಕೆಡಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಹಾನಿ ಹೆಚ್ಚು. ವಿಜ್ಞಾನಿಗಳು ಇದನ್ನು ಉತ್ಕರ್ಷಣದ ಒತ್ತಡವೆನ್ನುವರು.

ಪೈರಿಗೆ ಸ್ವಂತ ರಕ್ಷಣೆಯೂ ಉಂಟು. ಉಗ್ರ ಆಮ್ಲಜನಕವನ್ನು ಶಮನಗೊಳಿಸುವ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವದ ಕಾರ್ಯವನ್ನು 1969ರಲ್ಲಿ ಅಮೇರಿಕೆಯ ಮೆಕಾರ್ಡ್ ಮತ್ತು ಫ್ರಿಡೊವಿಚ್ ಎಂಬವರು ತಿಳಿಯಪಡಿಸಿದರು. ಅದರ ಒಂದು ಬಗೆಗೆ ತಾಮ್ರವೂ ಸತುವೂ ಅವಶ್ಯ. ಎರೆ ಭೂಮಿಯಲ್ಲಿ ಸತುವು ಪೈರಿಗೆ ಸುಲಭವಾಗಿ ದಕ್ಕುವುದಿಲ್ಲವಾದ್ದರಿಂದ ಮಣ್ಣನ್ನು ಪರೀಕ್ಷಿಸಿ, ಕೊರತೆ ಕಂಡಲ್ಲಿ ಬಿತ್ತುವ ಮುಂಚೆ ಸತುವಿನ ಸಲ್ಫೇಟನ್ನು ಕೊಡುವುದು ಯುಕ್ತ. ಆದರೆ ಬೇರಿನ ಬಳಿ ಹಸಿಯಿಲ್ಲದಿದ್ದರೆ ಸತುವು ಇದ್ದೂ ಇಲ್ಲದಂತೆಯೇ. ಗರಿಯ ಮೇಲಿನ ಮೇಣದ ಬೂದಿ, ಬಿಸಿಲೇರಿದಾಗ ಗರಿ ಸುರುಳಿಗೊಳ್ಳುವಿಕೆ, ಇವೂ ಜೋಳದ ಕವಚಗಳೇ. ಮಾಲದಂಡಿಯನ್ನು ರೈತರು ಇಷ್ಟು ಕಾಲ ಬಿಡದಿರುವುದು ಬರೀ ರೊಟ್ಟಿಯ ರುಚಿಗಾಗಿ ಅಲ್ಲ.

ವಿಜಾಪುರದಲ್ಲಿ 1933ರಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಅಂದಿನಿಂದ ಈ ಸೀಮೆಗೆ ಹೇಳುತ್ತ ಬಂದ ಉಪಾಯಗಳು ಹಳೆಯವಾದರೂ ಸವೆದಿಲ್ಲ: ಒಡ್ಡು ಹಾಕುವುದು, ಮುಂಗಾರಿನಲ್ಲಿ ಚೌಕುಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುವುದು, ಪೈರು ನಿಂತ ಮೇಲೆ ಎಡೆ ಹೊಡೆದು ಬಿರುಕುಗಳನ್ನು ಮುಚ್ಚುವುದು. ಬಿತ್ತನೆಯು ಅಕ್ಟೋಬರದ ನಡುವಿನಾಚೆ ಹೋಗಬಾರದು. ತಡವಾಗಿ ಬಿತ್ತಿದ ಜೋಳವು ಕಾಳು ತುಂಬುವ ಹೊತ್ತಿಗೆ ಹಸಿ ತೀರಿ, ಫೆಬ್ರುವರಿಯ ಬಿಸಿಲಿಗೂ ಸಿಕ್ಕಿಕೊಳ್ಳುತ್ತದೆ.

ಒಡ್ಡುಗಳು ಶಿಥಿಲವಾಗಲು ಅಜ್ಞಾನವೊಂದೇ ಕಾರಣವಲ್ಲ. ಹೊಲವನ್ನು ಪಾಲಿಗೆ ಮಾಡುವವನು ಬರುವ ವರ್ಷ ಅದು ತನಗುಳಿಯುವುದೋ ಇಲ್ಲವೋ ಎಂಬ ಸಂಶಯದಲ್ಲಿ ಒಡ್ಡಿಗೆ ಮಣ್ಣು ಹೊರಲಾರನು. ಅವನನ್ನು ಸೋಮಾರಿಯೆನ್ನುವುದು ನ್ಯಾಯವಲ್ಲ. ಒಡ್ಡು ಭೂಮಿಯ ಆಸ್ತಿ. ಅದರ ವೆಚ್ಚವನ್ನು ಭೂಮಾಲೀಕರೇ ವಹಿಸತಕ್ಕದ್ದು. ಊರ ಹಿರಿಯರ ಪಾಲಿಗೆ ಬರುವ ಕೆಲಸ ಬೇರೆ. ಮೇಲಿನ ಹೊಲದ ಹೆಚ್ಚಿನ ನೀರು ಯಾವ ಬದಿಗೆ ಹಾಯಬೇಕೆಂಬ ವ್ಯಾಜ್ಯದಿಂದ ಕೆಳಗಿನವನ ಒಡ್ಡು ಒಡೆಯುವುದುಂಟು. ಕಲ್ಲಿನ ಕೋಡಿಯ ಸ್ಥಳವನ್ನು ಉಭಯರ ಸಮ್ಮತಿಯಿಂದ ಬೇಸಗೆಯಲ್ಲಿಯೇ, ನೆಲ ಗಟ್ಟಿಯಿರುವಾಗ, ಗೊತ್ತುಮಾಡಿಸತಕ್ಕದ್ದು.