ಹಡಗು ಹೋದರೂ ಉಳಿದ ವಿದ್ಯೆ

ಒಂದೇ ಉದ್ಯಮವನ್ನು ನೆಚ್ಚಿದ ಊರು, ಆ ಉದ್ಯಮ ಕೈಬಿಟ್ಟಾಗ ಏನು ಮಾಡಬೇಕು? ಏಡ್ರಿಯಾಟಿಕ್ ಸಮುದ್ರದಲ್ಲಿರುವ ಕ್ರೊಯೇಷಿಯಾದ ಲೋಶಿನ್ ದ್ವೀಪದ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವೂ ಒಂದು ಎಚ್ಚರಿಕೆಯೂ ಅಡಗಿವೆ.

19ನೆಯ ಶತಮಾನದಲ್ಲಿ ಆಸ್ಟ್ರಿಯಾದ ಆಳ್ವಿಕೆಗೆ ಒಳಪಟ್ಟಿದ್ದ ಈ ಪುಟ್ಟ ದ್ವೀಪ ಹಾಯಿಹಡಗುಗಳ ನಿರ್ಮಾಣಕ್ಕೂ ಸಮುದ್ರ ಸಾಗಣೆಗೂ ಹೆಸರಾಗಿತ್ತು. ಮುಖ್ಯ ಪಟ್ಟಣ ಮಾಲಿ ಲೋಶಿನ್‌ನಲ್ಲಿ ಹಡಗು ಕಟ್ಟುವ ಹಲವು ಕಾರ್ಖಾನೆಗಳಿದ್ದವು. 1855ರಲ್ಲಿ ನೌಕಾ ಶಾಲೆಯೂ ಸ್ಥಾಪನೆಗೊಂಡಿತು. ಆದರೆ ಉಗಿಹಡಗುಗಳು ಪ್ರಬಲವಾದವು. 1869ರಲ್ಲಿ ತೆರೆದ ಸುಯೆಜ್ ಕಾಲುವೆಯ ಲಾಭವೂ ಅವುಗಳಿಗೇ ದೊರೆಯಿತು. ಹಾಯಿಯನ್ನೇ ನಂಬಿದ್ದ ದ್ವೀಪದ ವ್ಯವಹಾರ ಕುಸಿಯಿತು. ಉಗಿಹಡಗಿನತ್ತ ತಿರುಗಿದ ಬಂಡವಾಳ ಟ್ರಿಯೆಸ್ಟ್ ಬಂದರಿಗೆ ಸರಿಯಿತು. ಲೋಶಿನ್ ಮೂಲದ ಕೊಸುಲಿಚ್ ಮನೆತನ 1908ರಲ್ಲಿ ಟ್ರಿಯೆಸ್ಟ್ ಸಮೀಪದ ಮೊನ್‌ಫಾಲ್ಕೋನೆಯಲ್ಲಿ ದೊಡ್ಡ ಹಡಗು ಕಾರ್ಖಾನೆಯನ್ನೇ ತೆರೆಯಿತು.

ಹಣ ಹೋಯಿತು, ವಿದ್ಯೆ ಉಳಿಯಿತು. ನೌಕಾ ಶಾಲೆಯ ಅಧ್ಯಾಪಕ ಆಂಬ್ರೋಜ್ ಹರಾಚಿಚ್ ದ್ವೀಪದ ಹವೆಯನ್ನು ವರ್ಷಗಟ್ಟಲೆ ಅಳೆದು ದಾಖಲಿಸಿದರು, ಸಸ್ಯಸಂಪತ್ತನ್ನು ಅಧ್ಯಯನ ಮಾಡಿದರು. ಬೋಳು ಗುಡ್ಡಗಳಲ್ಲಿ ಪೈನ್ ಮರಗಳನ್ನು ಬೆಳೆಸುವ ಕಾರ್ಯಕ್ಕೂ ಅವರು ಮುಂದಾದರು. ಚಳಿಗಾಲದಲ್ಲಿಯೂ ಹಿತವಾದ ಹವೆ ಇಲ್ಲಿದೆ ಎಂಬುದಕ್ಕೆ ಅಂಕಿಗಳ ಆಧಾರ ಒದಗಿತು. 1892ರಲ್ಲಿ ಸರ್ಕಾರ ಲೋಶಿನ್ ಅನ್ನು ಆರೋಗ್ಯಧಾಮವೆಂದು ಘೋಷಿಸಿತು. ಅಂದು ಬೇರೂರಿದ ಪ್ರವಾಸೋದ್ಯಮ ಇಂದು ದ್ವೀಪದ ಮುಖ್ಯ ಜೀವನಾಧಾರವಾಗಿದೆ. 1999ರಲ್ಲಿ ಸಮುದ್ರತಳದಿಂದ ಮೇಲೆತ್ತಲಾದ ಪ್ರಾಚೀನ ಕಂಚಿನ ಕ್ರೀಡಾಪಟು ವಿಗ್ರಹಕ್ಕಾಗಿ 2016ರಲ್ಲಿ ತೆರೆದ ವಸ್ತುಸಂಗ್ರಹಾಲಯವೂ ಈಗ ಪ್ರವಾಸಿಗರನ್ನು ಸೆಳೆಯುತ್ತಿದೆ.

ಎಚ್ಚರಿಕೆ ಇರುವುದು ಇಲ್ಲಿಯೇ. ಒಮ್ಮೆ ಹಾಯಿಯನ್ನು ನೆಚ್ಚಿ ಕೆಟ್ಟ ದ್ವೀಪ ಈಗ ಬೇಸಗೆಯ ಕೆಲವೇ ತಿಂಗಳ ವ್ಯಾಪಾರವನ್ನು ನೆಚ್ಚುವುದು ಅದೇ ತಪ್ಪಿನ ಮರುಕಳಿಕೆಯಾದೀತು. 2020ರ ಮಹಾಮಾರಿಯ ವರ್ಷದಲ್ಲಿ ಕ್ರೊಯೇಷಿಯಾದಲ್ಲಿ ಪ್ರವಾಸಿಗರ ತಂಗುವಿಕೆ ಹಿಂದಿನ ವರ್ಷದ ಅರ್ಧಕ್ಕಿಂತ ಕೆಳಗಿಳಿಯಿತು. ಕುಡಿಯುವ ನೀರಿಗೂ ಲೋಶಿನ್ ನೆರೆಯ ತ್ಸ್ರೆಸ್ ದ್ವೀಪದ ವ್ರಾನಾ ಸರೋವರವನ್ನೇ ಅವಲಂಬಿಸಿದೆ. ವಸತಿಗೃಹಗಳನ್ನು ಹೆಚ್ಚಿಸಬಹುದು, ಸರೋವರವನ್ನು ಹೆಚ್ಚಿಸಲಾಗದು. ಆದ್ದರಿಂದ ಬೇಸಗೆಯ ಜನಸಂದಣಿಯನ್ನು ಹಿಗ್ಗಿಸುವುದಕ್ಕಿಂತ, ಮೊದಲು ಹೆಸರು ತಂದ ಚಳಿಗಾಲದ ಆರೋಗ್ಯಧಾಮವನ್ನು ಬಲಪಡಿಸುವುದೇ ಲೋಶಿನ್‌ಗೆ ವಿವೇಕದ ದಾರಿ.

ಸಣ್ಣ ಉದ್ದಿಮೆದಾರರು ಇದರಿಂದ ಗ್ರಹಿಸತಕ್ಕ ವಿಷಯ ಸ್ಪಷ್ಟವಾಗಿದೆ. ಯಂತ್ರ ಹಳತಾಗುತ್ತದೆ, ಬೇಡಿಕೆ ಬದಲಾಗುತ್ತದೆ, ಬಂಡವಾಳ ಲಾಭವಿದ್ದೆಡೆಗೆ ಹರಿಯುತ್ತದೆ. ಕಸುಬಿನ ಜ್ಞಾನ, ಶಿಸ್ತಿನ ದಾಖಲೆ ಹಾಗೂ ತರಬೇತಿ ಪಡೆದ ಜನ ಉಳಿದರೆ ಎರಡನೆಯ ಉದ್ಯಮಕ್ಕೆ ಅಡಿಪಾಯ ಸಿಗುತ್ತದೆ. ಆ ಅಡಿಪಾಯವನ್ನು ಲಾಭದ ದಿನಗಳಲ್ಲಿಯೇ ಹಾಕಿಕೊಳ್ಳುವುದು ಜಾಣತನ.